ಉಷ್ಣವಲಯದ ದ್ವೀಪಗಳಲ್ಲಿ ಕಾಡು, ಬೆಟ್ಟ, ಕಡಲು ಸುತ್ತುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ದ್ವೀಪಕ್ಕೆ ಹೊರಟವರು ವಿಮಾನ, ಹೋಟೆಲ್ ಬಗ್ಗೆ ಬೇಕಾದಷ್ಟು ಓದಿಕೊಂಡಿರುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಕಡಲು ಎಷ್ಟು ಹೊತ್ತಿಗೆ ಇಳಿಯುತ್ತದೆ, ಬೆಟ್ಟದ ಮೇಲೆ ಮೋಡ ಯಾವಾಗ ಕೂರುತ್ತದೆ ಅನ್ನೋದು ಮಾತ್ರ ಗೊತ್ತಿರುವುದಿಲ್ಲ. ದ್ವೀಪದಲ್ಲಿ ಒಂದು ದಿನ ಚೆನ್ನಾಗಿ ಕಳೆಯುವುದೂ ಕೆಡುವುದೂ ಬಹುಪಾಲು ಈ ಮೂರರ ಮೇಲೇ ನಿಂತಿದೆ. ಹಾಗಾಗಿ ಇಲ್ಲಿ ರೆಸಾರ್ಟ್ ಬಗ್ಗೆ ಏನೂ ಇಲ್ಲ.

ದ್ವೀಪ ಅಂದರೆ ಎಲ್ಲ ಒಂದೇ ಅಲ್ವಾ? ಬಿಳಿ ಮರಳು, ತೆಂಗಿನಮರ, ನೀಲಿ ನೀರು?

ಅದು ಪೋಸ್ಟರ್‌ನಲ್ಲಿ ಕಾಣುವ ಬಗೆ. ಸುತ್ತಾಡುವವರ ಕಣ್ಣಿನಿಂದ ನೋಡಿದರೆ ಮುಖ್ಯವಾಗಿ ಮೂರು ಬಗೆಗಳಿವೆ.

ಒಂದು, ಜ್ವಾಲಾಮುಖಿ ಉಕ್ಕಿ ಕಡಲ ತಳದಿಂದ ಎದ್ದ ಎತ್ತರದ ದ್ವೀಪಗಳು. ಹವಾಯಿ, ರಿಯೂನಿಯನ್, ಟಹೀಟಿ ಇಂಥವು. ಕಡಿದಾದ ಬೆಟ್ಟ, ಜಲಪಾತ, ದಟ್ಟ ಕಾಡು. ಹವಾಯಿಯ ಮೌನಾ ಕೇಯಾ 4,207 ಮೀಟರ್ ಎತ್ತರ ಇದೆ. ಚಳಿಗಾಲದಲ್ಲಿ ತುದಿಯ ಮೇಲೆ ಹಿಮ ಬೀಳುವುದುಂಟು. ಈಜುಡುಗೆಯ ಜೊತೆ ಸ್ವೆಟರ್ ಕೂಡ ಬೇಕಾಗುವ ಜಾಗ ಇದು.

ಎರಡನೆಯದು ಹವಳದ ತಗ್ಗು ದ್ವೀಪಗಳು. ಮಾಲ್ಡೀವ್ಸ್‌ನಲ್ಲಿ ಸುಮಾರು 1,200 ದ್ವೀಪಗಳಿವೆ. ಅಷ್ಟರಲ್ಲೂ ನೆಲದ ಸಹಜ ಎತ್ತರ ಎಲ್ಲೂ ಮೂರು ಮೀಟರ್ ದಾಟುವುದಿಲ್ಲ. ಇಲ್ಲಿ ಹತ್ತುವುದಕ್ಕೆ ಬೆಟ್ಟವಿಲ್ಲ, ಹೊಳೆಯಿಲ್ಲ. ನೋಡುವುದೆಲ್ಲ ನೀರಿನೊಳಗೆ. ಉಂಗುರದ ಆಕಾರದ ಈ ಹವಳ ದ್ವೀಪಗಳು ಹೇಗಾದವು ಅಂತ 1842ರಲ್ಲಿ ಚಾರ್ಲ್ಸ್ ಡಾರ್ವಿನ್ ಒಂದು ಊಹೆ ಮುಂದಿಟ್ಟರು. ಜ್ವಾಲಾಮುಖಿ ಬೆಟ್ಟ ನಿಧಾನವಾಗಿ ಮುಳುಗುತ್ತಾ ಹೋಗುತ್ತದೆ. ಅದರ ಸುತ್ತ ಇರುವ ಹವಳ ಬೆಳಕಿಗಾಗಿ ಮೇಲೆ ಮೇಲೆ ಬೆಳೆಯುತ್ತದೆ. ಕೊನೆಗೆ ಬೆಟ್ಟ ಮಾಯವಾಗಿ ಉಂಗುರ ಮಾತ್ರ ಉಳಿಯುತ್ತದೆ. ನೂರು ವರ್ಷ ದಾಟಿದ ಮೇಲೆ, 1952ರಲ್ಲಿ, ಮಾರ್ಷಲ್ ದ್ವೀಪಗಳ ಎನಿವೆಟಾಕ್‌ನಲ್ಲಿ ಆಳಕ್ಕೆ ಕೊರೆದು ನೋಡಿದರು. 1,200 ಮೀಟರ್‌ಗೂ ಹೆಚ್ಚು ದಪ್ಪ ಹವಳದ ಸುಣ್ಣಕಲ್ಲು ಸಿಕ್ಕಿತು. ಅದರ ಕೆಳಗೆ ಜ್ವಾಲಾಮುಖಿಯ ಕಪ್ಪು ಕಲ್ಲು!

ಮೂರನೆಯದು ಖಂಡದಿಂದ ಬೇರೆಯಾದವು. ಹಿಮಯುಗದಲ್ಲಿ ಕಡಲ ಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ಆಗ ಸುಮಾತ್ರಾ, ಜಾವಾ, ಬೋರ್ನಿಯೊ ಏಷ್ಯಾದ ನೆಲಕ್ಕೇ ಅಂಟಿಕೊಂಡಿದ್ದವು. ಸುಮಾತ್ರಾದಲ್ಲಿ ಆನೆ, ಹುಲಿ ಇರುವುದು ಅದಕ್ಕೇ. ಅವು ನಡೆದೇ ಬಂದವು. ಬಾಲಿ ಮತ್ತು ಲೊಂಬೊಕ್ ನಡುವೆ ಬರೀ 35 ಕಿ.ಮೀ. ನೀರು. ಆದರೆ ಆಳ ಜಾಸ್ತಿ, ಹಿಮಯುಗದಲ್ಲೂ ಒಣಗಲಿಲ್ಲ. ಹಾಗಾಗಿ ಆ ದಡ ದಾಟಿದ ಕೂಡಲೇ ಹಕ್ಕಿಗಳು ಬದಲಾಗುತ್ತವೆ, ಆಸ್ಟ್ರೇಲಿಯಾ ಕಡೆಯ ಕಾಕಟೂ ಗಿಳಿಗಳು ಕಾಣಿಸಿಕೊಳ್ಳುತ್ತವೆ. ಇದನ್ನು 19ನೇ ಶತಮಾನದಲ್ಲಿ ಗಮನಿಸಿದವರು ಬ್ರಿಟಿಷ್ ನಿಸರ್ಗತಜ್ಞ ಆಲ್ಫ್ರೆಡ್ ರಸೆಲ್ ವ್ಯಾಲೇಸ್. ಎರಡು ಕಡೆಯ ಜೀವಿಗಳನ್ನು ಬೇರ್ಪಡಿಸುವ ಆ ಗೆರೆಗೆ ಈಗಲೂ ಅವರದೇ ಹೆಸರು.

ನೀವು ಹೋಗುತ್ತಿರುವುದು ಇವುಗಳಲ್ಲಿ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಚೀಲದಲ್ಲಿ ಏನಿರಬೇಕು ಅನ್ನೋದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಒಂದೇ ದ್ವೀಪದಲ್ಲಿ ಈ ಕಡೆ ಜಡಿಮಳೆ, ಆ ಕಡೆ ಬಿಸಿಲು. ಇದು ಹೇಗೆ?

ಗಾಳಿಯ ಕೆಲಸ. ಉಷ್ಣವಲಯದಲ್ಲಿ ವರ್ಷದ ಬಹುಕಾಲ ಗಾಳಿ ಹೆಚ್ಚುಕಡಿಮೆ ಒಂದೇ ದಿಕ್ಕಿನಿಂದ ಬೀಸುತ್ತದೆ. ಸಮಭಾಜಕದ ಉತ್ತರಕ್ಕೆ ಈಶಾನ್ಯದಿಂದ, ದಕ್ಷಿಣಕ್ಕೆ ಆಗ್ನೇಯದಿಂದ. ಇದೇ ವಾಣಿಜ್ಯ ಮಾರುತ. ಕಡಲ ತೇವ ಹೊತ್ತು ಬಂದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಅಲ್ಲೇ ಮಳೆ ಸುರಿಸುತ್ತದೆ. ಬೆಟ್ಟ ದಾಟಿ ಆಚೆ ಇಳಿಯುವ ಹೊತ್ತಿಗೆ ಅದರಲ್ಲಿ ನೀರೇ ಉಳಿದಿರುವುದಿಲ್ಲ.

ಹವಾಯಿಯ ಕವಾಯಿ ದ್ವೀಪವನ್ನೇ ನೋಡಿ. ನಡುವಿನ ವಾಯಲೆಆಲೆ ಬೆಟ್ಟದ ಮೇಲೆ ವರ್ಷಕ್ಕೆ 9,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ 30 ಕಿ.ಮೀ. ಒಳಗೇ ಇರುವ ಪಶ್ಚಿಮದ ದಡದಲ್ಲಿ 500-600 ಮಿ.ಮೀ. ಅಷ್ಟೇ. ಅಂದರೆ ಬೆಳಿಗ್ಗೆ ಮಳೆ ಹಿಡಿದುಕೊಂಡಿದೆ ಅಂತ ಕೋಣೆಯಲ್ಲಿ ಕೂರಬೇಕಿಲ್ಲ. ಗಾಡಿ ಹತ್ತಿ ಗಾಳಿಮರೆಯ ಕಡೆಗೆ ಹೋದರೆ ಸಾಕು. ನಕ್ಷೆ ತೆಗೆದು ಗಾಳಿಯ ದಿಕ್ಕಿಗೆ ಒಂದು ಬಾಣ ಬರೆದುಕೊಳ್ಳಿ. ಕಾಡು, ಜಲಪಾತ ಗಾಳಿಗೆ ಮುಖ ಮಾಡಿದ ಕಡೆ. ಶಾಂತ ನೀರು, ಒಣ ಹವೆ ಅದರ ಬೆನ್ನಿಗೆ. ಬೆಟ್ಟವೇ ಇಲ್ಲದ ಹವಳ ದ್ವೀಪಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಯಾವ ತಿಂಗಳಲ್ಲಿ ಹೋಗಬೇಕು?

ಚಂಡಮಾರುತದ ಕಾಲ ಬಿಟ್ಟು. ಕೆರಿಬಿಯನ್ ಕಡೆ ಜೂನ್‌ನಿಂದ ನವೆಂಬರ್, ದಕ್ಷಿಣ ಗೋಳಾರ್ಧದ ಫಿಜಿ, ವನುವಾಟು, ಮಾರಿಷಸ್ ಕಡೆ ನವೆಂಬರ್‌ನಿಂದ ಏಪ್ರಿಲ್. ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಮುಂಚೆ ಒಂದು ಸಲ, ಅದು ಮುಗಿದ ಮೇಲೆ ಒಂದು ಸಲ. ಪಶ್ಚಿಮ ಪೆಸಿಫಿಕ್‌ನಲ್ಲಿ ವರ್ಷವಿಡೀ ಬರಬಹುದು, ಜುಲೈನಿಂದ ಅಕ್ಟೋಬರ್ ತನಕ ಜಾಸ್ತಿ. ಸಮಭಾಜಕದಿಂದ 5 ಡಿಗ್ರಿ ಒಳಗೆ ಚಂಡಮಾರುತ ಹುಟ್ಟುವುದೇ ಅಪರೂಪ. ಭೂಮಿ ತಿರುಗುವುದರಿಂದ ಗಾಳಿಗೆ ಸಿಗುವ ಸುತ್ತು ಅಲ್ಲಿ ಸಾಲುವುದಿಲ್ಲ. ಆದರೂ 2001ರಲ್ಲಿ ಸಿಂಗಪುರದ ಹತ್ತಿರವೇ ವಾಮೆಯ್ ಅನ್ನೋ ಚಂಡಮಾರುತ ಹುಟ್ಟಿತ್ತು. ಹಾಗಾಗಿ ‘ಇಲ್ಲಿ ಬರೋದೇ ಇಲ್ಲ’ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ.

ಮಳೆಗಾಲ ಅಂದ ಕೂಡಲೇ ಬೇಡ ಅನ್ನುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಚಂಡಮಾರುತ ಬೇರೆ, ಮಳೆ ಬೇರೆ. ಕಾಡು ತುಂಬಿಕೊಂಡಿರುವುದು, ಕಪ್ಪೆಗಳು ಕೂಗುವುದು, ಜಲಪಾತಕ್ಕೆ ಮೈ ಬರುವುದು ಮಳೆಯಲ್ಲೇ. ಸ್ನಾರ್ಕೆಲಿಂಗ್ (ಕೊಳವೆಯಿಂದ ಉಸಿರಾಡುತ್ತಾ ಮುಖ ನೀರಿನೊಳಗಿಟ್ಟು ಈಜುವುದು) ಆಸೆಯಿದ್ದವರು ಮಾತ್ರ ಒಣ ತಿಂಗಳುಗಳನ್ನು ಹಿಡಿಯಬೇಕು. ಮಳೆ ನೀರು ಮಣ್ಣು ಹೊತ್ತು ಕಡಲಿಗೆ ಸೇರಿದರೆ ಏನೂ ಕಾಣುವುದಿಲ್ಲ.

ದಿನದಲ್ಲಿ ಯಾವ ಹೊತ್ತು ಒಳ್ಳೆಯದು?

ಬೆಳಗು ಹರಿಯುವ ಮುಂಚೆ ಹೊರಡಿ. ಎತ್ತರದ ದ್ವೀಪಗಳಲ್ಲಿ ಹತ್ತು, ಹನ್ನೊಂದು ಗಂಟೆ ಹೊತ್ತಿಗೆ ಮೋಡ ಬೆಟ್ಟವನ್ನು ನುಂಗಿಬಿಡುತ್ತದೆ. ಸಂಜೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಉಷ್ಣವಲಯದಲ್ಲಿ ಸೂರ್ಯ ನೇರವಾಗಿ ಕೆಳಗಿಳಿಯುತ್ತಾನೆ, ಮುಸ್ಸಂಜೆ ಬೇಗ ಮುಗಿಯುತ್ತದೆ. ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಕಾಡಿನಲ್ಲಿ ಕಾಲಿನ ಬಳಿಯ ಬೇರು ಕೂಡ ಕಾಣಿಸುವುದಿಲ್ಲ. ಹೆಡ್‌ಲ್ಯಾಂಪ್ ಇಲ್ಲದೆ ಮಧ್ಯಾಹ್ನದ ನಡಿಗೆಗೂ ಹೋಗಬೇಡಿ.

ಬಿಸಿಲು, ಸೆಕೆ ತಡೆದುಕೊಳ್ಳುವುದು ಹೇಗೆ?

ಮೈ ಈ ಹವೆಗೆ ಒಗ್ಗಲು ಒಂದೆರಡು ವಾರ ಬೇಕು. ರಜೆ ಅಷ್ಟು ಉದ್ದ ಇರುವುದಿಲ್ಲವಲ್ಲ! ಅದಕ್ಕೇ ಮೊದಲ ದಿನಗಳಲ್ಲಿ ಚಿಕ್ಕ ನಡಿಗೆ ಸಾಕು. ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು, ಜೊತೆಗೆ ಉಪ್ಪಿನ ಅಂಶ. ಬರೀ ನೀರು ಕುಡಿಯುತ್ತಾ ಹೋದರೆ ಮೈಯಲ್ಲಿ ಉಪ್ಪು ಕಡಿಮೆಯಾಗಿ ತಲೆಸುತ್ತು, ವಾಂತಿ ಶುರುವಾಗಬಹುದು. ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಜೊತೆಯಲ್ಲಿದ್ದವರು ತೊದಲಿದರೆ, ಗಲಿಬಿಲಿಯಾದರೆ ಅದು ಸುಸ್ತಲ್ಲ. ಬಿಸಿಲಿನ ಹೊಡೆತ. ಕೂಡಲೇ ನೆರಳಿಗೆ ತಂದು, ಮೈಗೆ ನೀರು ಸುರಿದು, ಗಾಳಿ ಬೀಸಿ, ಸಹಾಯಕ್ಕೆ ಕರೆ ಮಾಡಿ.

ಭರತ, ಇಳಿತದ ವೇಳೆ ನೋಡಿಕೊಳ್ಳಲೇಬೇಕಾ?

ಹೌದು, ಗಡಿಯಾರ ನೋಡಿದ ಹಾಗೆ. ಹೆಚ್ಚಿನ ಕಡಲತೀರಗಳಲ್ಲಿ ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನಾ ಐವತ್ತು ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತೀರ ಮೇಲಕ್ಕೂ ಬರುತ್ತದೆ, ತೀರ ಕೆಳಕ್ಕೂ ಹೋಗುತ್ತದೆ. ಟಹೀಟಿಯದು ವಿಚಿತ್ರ. ಅಲ್ಲಿ ಚಂದ್ರನ ಸೆಳೆತ ಹೆಚ್ಚು ನಡೆಯುವುದಿಲ್ಲ, ಸೂರ್ಯನದೇ ಕಾರುಬಾರು. ಹಾಗಾಗಿ ಭರತ ದಿನಾ ನಡುಹಗಲು ಮತ್ತು ನಡುರಾತ್ರಿಯ ಹೊತ್ತಿಗೇ ಬರುತ್ತದೆ.

ಬಂಡೆಗಳ ನಡುವಿನ ಗುಂಡಿಗಳಲ್ಲಿ ಏಡಿ, ನಕ್ಷತ್ರಮೀನು ನೋಡಬೇಕೆಂದರೆ ನೀರು ಪೂರ್ತಿ ಇಳಿಯುವ ಒಂದು ಗಂಟೆ ಮುಂಚೆ ಹೋಗಿ, ನೀರು ತಿರುಗುವಾಗ ವಾಪಸ್ ಹೊರಡಿ. ಇಳಿತದಲ್ಲಿ ನಡೆದು ತಲುಪಿದ ಕೊಲ್ಲಿಯಿಂದ ಭರತದಲ್ಲಿ ನಡೆದು ಬರಲು ಆಗದೇ ಇರಬಹುದು. ಹಿಂದೆ ಬಂಡೆಗೋಡೆ, ಮುಂದೆ ನೀರು. ಪ್ರವಾಸಿಗರು ಸಿಕ್ಕಿಹಾಕಿಕೊಳ್ಳುವುದು ಹೀಗೆಯೇ. ಹವಳದ ಮೇಲೆ ಈಜುವವರಿಗೆ ತದ್ವಿರುದ್ಧ: ನೀರು ತುಂಬಿರುವಾಗಲೇ ಒಳ್ಳೆಯದು, ಹೊಟ್ಟೆ ಹವಳಕ್ಕೆ ತಾಗುವುದಿಲ್ಲ.

ನನಗೆ ಚೆನ್ನಾಗಿ ಈಜು ಬರುತ್ತದೆ. ಎಲ್ಲಿ ಬೇಕಾದರೂ ಇಳಿಯಬಹುದಾ?

ಈಜುಕೊಳದ ಈಜು ಬೇರೆ. ದಡಕ್ಕೆ ಬಂದ ಅಲೆಗಳ ನೀರು ವಾಪಸ್ ಹೋಗಲು ದಾರಿ ಹುಡುಕುತ್ತದೆ. ಒಂದು ಇಕ್ಕಟ್ಟಾದ ಕಡೆ ಜೋರಾಗಿ ಹರಿದು ದಡದಿಂದ ಕಡಲಿನ ಕಡೆಗೆ ಎಳೆಯುತ್ತದೆ. ಇದೇ ರಿಪ್ ಕರೆಂಟ್. ಮೋಸ ಇರುವುದು ಇಲ್ಲೇ: ಆ ಜಾಗದಲ್ಲಿ ಅಲೆ ಒಡೆಯುವುದು ಕಡಿಮೆ, ಶಾಂತವಾಗಿ ಕಾಣುತ್ತದೆ. ಹೊಸಬರು ಅಲ್ಲೇ ಇಳಿಯುತ್ತಾರೆ.

ಸಿಕ್ಕಿಬಿದ್ದರೆ ದಡದ ಕಡೆ ಗುದ್ದಾಡಬೇಡಿ. ಅದು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ ಅಷ್ಟೇ. ತೇಲುತ್ತಾ ಉಸಿರು ಹಿಡಿತಕ್ಕೆ ತಂದುಕೊಳ್ಳಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಆಗದಿದ್ದರೆ ಕೈ ಬೀಸುತ್ತಾ ತೇಲುತ್ತಿರಿ. ನೀರಿಗೆ ಇಳಿಯುವ ಮುಂಚೆ ಹತ್ತು ನಿಮಿಷ ದಡದಲ್ಲಿ ನಿಂತು ಅಲೆ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಎರಡು ಗುಂಪುಗಳ ನಡುವೆ ಕಡಲು ಸಾಧುವಾಗಿರುತ್ತದೆ. ಇನ್ನು, ಅಲೆಗೆ ಬೆನ್ನು ಹಾಕಿ ಬಂಡೆಯ ಮೇಲೆ ಸೆಲ್ಫಿ ತೆಗೆಯುವವರಿಗೆ ಹೇಳುವುದು ಏನೂ ಇಲ್ಲ. ಹಾಗೆ ಮಾಡಬೇಡಿ.

ಹವಳವನ್ನು ಮುಟ್ಟಿದರೆ ಏನಾಗುತ್ತದೆ?

ಹವಳ ಕಲ್ಲಿನ ಹಾಗೆ ಕಂಡರೂ ಅದರ ಮೇಲ್ಪದರ ಜೀವಂತ ಪ್ರಾಣಿ. ಸಾವಿರಾರು ಪುಟ್ಟ ಪಾಲಿಪ್‌ಗಳು ಸುಣ್ಣದ ಗೂಡು ಕಟ್ಟಿಕೊಂಡು ಕೂತಿರುತ್ತವೆ. ಅವುಗಳ ಮೈಯೊಳಗೆ ಇರುವ ಪಾಚಿ ಬಿಸಿಲಿನಿಂದ ಆಹಾರ ಮಾಡಿ ಕೊಡುತ್ತದೆ, ಬಣ್ಣವೂ ಬಹುಮಟ್ಟಿಗೆ ಅದರದ್ದೇ. ನೀರಿನ ಬಿಸಿ ಬೇಸಿಗೆಯ ಮಾಮೂಲಿ ಮಟ್ಟಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೂ ಸಾಕು, ಹವಳ ಆ ಪಾಚಿಯನ್ನು ಹೊರಗೆ ತಳ್ಳಿ ಬೆಳ್ಳಗಾಗುತ್ತದೆ. ಬೆಳ್ಳಗಾದ ಕೂಡಲೇ ಸತ್ತಿತು ಅಂತಲ್ಲ, ಆದರೆ ಹಸಿದಿದೆ.

ಗುಂಡಗಿನ ದೊಡ್ಡ ಹವಳ ವರ್ಷಕ್ಕೆ ಬೆಳೆಯುವುದು ಒಂದೆರಡು ಸೆಂಟಿಮೀಟರ್, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಒಂದು ಒದೆತಕ್ಕೆ ಹತ್ತು ವರ್ಷದ ಬೆಳವಣಿಗೆ ಮುರಿಯುತ್ತದೆ. ಹೆಚ್ಚಿನ ಹಾನಿ ಆಗುವುದು ಕೈಯಿಂದಲ್ಲ, ಈಜಲು ಕಾಲಿಗೆ ಹಾಕಿಕೊಳ್ಳುವ ಫಿನ್‌ನಿಂದ. ಮುಖವಾಡದೊಳಗೆ ನೀರು ಬಂದರೆ ಹೊಸಬರು ಗಾಬರಿಯಾಗಿ ನಿಂತುಕೊಳ್ಳಲು ನೋಡುತ್ತಾರೆ, ಕಾಲ ಕೆಳಗೆ ಹವಳವೇ ಇರುತ್ತದೆ. ಮುಖವಾಡದ ನೀರು ತೆಗೆಯುವುದನ್ನು, ಕೊಳವೆಯ ನೀರು ಊದುವುದನ್ನು ಮೊದಲು ಮರಳು ತಳದ ಜಾಗದಲ್ಲಿ ಕಲಿತು ಆಮೇಲೆ ಹವಳದ ಕಡೆ ಹೋಗಿ. ನಿಮ್ಮ ಚರ್ಮಕ್ಕೂ ಇದು ಒಳ್ಳೆಯದು. ಹವಳ ತರಚಿದ ಗಾಯ ಬೇಗ ಕೀವು ಹಿಡಿಯುತ್ತದೆ. ತಕ್ಷಣ ಸೋಪು, ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಬೇಕು.

ಸನ್‌ಸ್ಕ್ರೀನ್ ಯಾವುದು?

ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇಲ್ಲದ್ದು. ಹವಳಕ್ಕೆ ಕೇಡು ಅಂತ ಪೆಸಿಫಿಕ್‌ನ ದ್ವೀಪದೇಶ ಪಲಾವು 2020ರ ಜನವರಿಯಿಂದ ಇಂಥ ರಾಸಾಯನಿಕಗಳಿರುವ ಕ್ರೀಮ್‌ಗಳನ್ನು ನಿಷೇಧಿಸಿದೆ. ಹವಾಯಿಯಲ್ಲಿ 2021ರ ಜನವರಿಯಿಂದ ಈ ಎರಡು ಇರುವ ಕ್ರೀಮ್‌ಗಳ ಮಾರಾಟವಿಲ್ಲ. ಜಿಂಕ್ ಆಕ್ಸೈಡ್ ಇರುವ ಬಿಳಿ ಕ್ರೀಮ್ ಸಾಕು. ನನ್ನನ್ನು ಕೇಳಿದರೆ ಉದ್ದ ತೋಳಿನ ಈಜು ಅಂಗಿಯೇ ವಾಸಿ. ತೊಳೆದು ಹೋಗುವ ಭಯವಿಲ್ಲ, ಬೆನ್ನಿಗೆ ಹಚ್ಚಿ ಅಂತ ಯಾರನ್ನೂ ಕೇಳಬೇಕಿಲ್ಲ.

ನೀರಿನಲ್ಲಿ ಚುಚ್ಚುವ, ಕಚ್ಚುವ ಜೀವಿಗಳ ಬಗ್ಗೆ ಭಯ. ಶಾರ್ಕ್?

ಎಲ್ಲರೂ ಶಾರ್ಕ್ ಕೇಳುತ್ತಾರೆ. ಭಯಪಡಬೇಕಾದ್ದು ಕಾಲ ಕೆಳಗಿನದ್ದಕ್ಕೆ.

ಸ್ಟೋನ್‌ಫಿಶ್ ಹಿಂದೂ ಮಹಾಸಾಗರ, ಪೆಸಿಫಿಕ್ ಕಡೆಯ ತಗ್ಗು ನೀರಿನಲ್ಲಿ ಕಲ್ಲಿನ ಹಾಗೇ ಬಿದ್ದುಕೊಂಡಿರುತ್ತದೆ. ಬೆನ್ನಿನ ಮುಳ್ಳಿನಲ್ಲಿ ವಿಷ. ತುಳಿದರೆ ತಡೆಯಲಾಗದ ನೋವು. ದಪ್ಪ ತಳದ ರೀಫ್ ಶೂ ಹಾಕಿಕೊಳ್ಳಿ, ಅದೂ ಪೂರ್ತಿ ರಕ್ಷಣೆಯಲ್ಲ. ಮುಳ್ಳು ಚುಚ್ಚಿದರೆ ಕಾಲನ್ನು ತಡೆಯುವಷ್ಟು ಬಿಸಿ ನೀರಿನಲ್ಲಿ, ಸುಮಾರು 45 ಡಿಗ್ರಿ, ನೋವು ಇಳಿಯುವ ತನಕ ಇಡಬೇಕು. ಶಾಖಕ್ಕೆ ವಿಷದ ಬಲ ಕುಗ್ಗುತ್ತದೆ. ಆಮೇಲೆ ಆಸ್ಪತ್ರೆ. ತೊರಕೆ (ಸ್ಟಿಂಗ್‌ರೇ) ಮೀನಿನ ಮುಳ್ಳಿಗೂ ಇದೇ ಮದ್ದು. ತೊರಕೆ ಮರಳಿನಲ್ಲಿ ಹುದುಗಿರುತ್ತದೆ. ತಗ್ಗು ನೀರಿನಲ್ಲಿ ಕಾಲೆತ್ತಿ ಇಡುವ ಬದಲು ಮರಳಿನ ಮೇಲೆ ಕಾಲು ಎಳೆದುಕೊಂಡು ನಡೆದರೆ ಅದೇ ಓಡಿಹೋಗುತ್ತದೆ.

ಬಾಕ್ಸ್ ಜೆಲ್ಲಿ ಮೀನು ತಾಗಿದರೆ ಧಾರಾಳವಾಗಿ ವಿನೆಗರ್ ಸುರಿಯಬೇಕು. ಉಜ್ಜಬಾರದು, ಸಿಹಿನೀರು ಹಾಕಬಾರದು. ಮೂತ್ರ ಹೊಯ್ದರೆ ವಾಸಿಯಾಗುತ್ತದೆ ಅನ್ನೋದು ಸುಮ್ನೆ ಮಾತು.

ಶಂಕುವಿನ ಆಕಾರದ ಚೆಂದದ ಚಿಪ್ಪು ಕಂಡರೆ ಕೈಗೆತ್ತಿಕೊಳ್ಳಬೇಡಿ. ಕೋನ್ ಬಸವನಹುಳು ಒಳಗಿದ್ದರೆ ಈಟಿಯಂಥ ಹಲ್ಲಿನಿಂದ ಚುಚ್ಚುತ್ತದೆ. ದೊಡ್ಡ ಜಾತಿಗಳ ವಿಷ ಮನುಷ್ಯರನ್ನು ಕೊಂದಿದೆ, ಅದಕ್ಕೆ ಪ್ರತಿವಿಷ ಇಲ್ಲ. ಅಂಡಮಾನ್, ಸಾಲೊಮನ್, ಪಲಾವು ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹಿನ್ನೀರಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಮೊಸಳೆ ಫಲಕ ಕಂಡಲ್ಲಿ ಮೊಣಕಾಲುದ್ದ ನೀರಿಗೂ ಇಳಿಯಬೇಡಿ.

ಕಾಡಿನಲ್ಲಿ ಹಾವು ಜಾಸ್ತಿ ಇರುತ್ತದಾ?

ಖಂಡಕ್ಕೆ ಹತ್ತಿರದ ದ್ವೀಪಗಳಲ್ಲಿ ಇರುತ್ತವೆ. ದೂರದ ಸಾಗರದ ನಡುವಿನ ಎಷ್ಟೋ ದ್ವೀಪಗಳಲ್ಲಿ ನೆಲದ ಹಾವೇ ಇರಲಿಲ್ಲ; ಹವಾಯಿಗೆ ತನ್ನದೇ ಆದ ನೆಲದ ಹಾವು ಒಂದೂ ಇಲ್ಲ.

ಸೊಳ್ಳೆ?

ಇದು ಹಾವಿಗಿಂತ ದೊಡ್ಡ ವಿಷಯ. ಡೆಂಗಿ ಹರಡುವ ಸೊಳ್ಳೆ ಹಗಲು ಕಚ್ಚುತ್ತದೆ, ಮಲೇರಿಯಾದ್ದು ಸಂಜೆಯಿಂದ ಬೆಳಗಿನ ತನಕ. ಡೆಂಗಿ ಹೆಚ್ಚುಕಡಿಮೆ ಎಲ್ಲ ಉಷ್ಣವಲಯದಲ್ಲೂ ತಲೆಯೆತ್ತುತ್ತದೆ. ಮಲೇರಿಯಾ ಪಪುವಾ ನ್ಯೂಗಿನಿ, ಸಾಲೊಮನ್, ವನುವಾಟುಗಳಲ್ಲಿದೆ. ಟಹೀಟಿ, ಸಮೋವಾಗಳಲ್ಲಿ ಇಲ್ಲ. ಡೀಟ್ ಅಥವಾ ಪಿಕಾರಿಡಿನ್ ಇರುವ ಮುಲಾಮು ಹಚ್ಚಿ, ಸನ್‌ಸ್ಕ್ರೀನ್ ಮೊದಲು, ಇದು ಆಮೇಲೆ. ಜ್ವರ ಬಂದು ಡೆಂಗಿ ಅನ್ನೋ ಅನುಮಾನ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್ ನುಂಗಬೇಡಿ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮಲೇರಿಯಾ ಇರುವ ಜಾಗಕ್ಕೆ ಹೊರಡುವ ಮುಂಚೆ ವೈದ್ಯರನ್ನು ಕಂಡು ಮಾತ್ರೆ ಕೇಳಿ.

ಕಾಡಿನ ದಾರಿಯಲ್ಲಿ ಒಬ್ಬರೇ ನಡೆಯಬಹುದಾ?

ಗುರುತು ಹಾಕಿದ, ಜನ ಓಡಾಡುವ ದಾರಿಯಾದರೆ ಪರವಾಗಿಲ್ಲ. ದ್ವೀಪ ಚಿಕ್ಕದು, ಕಡಲು ಕಾಣುತ್ತಲೇ ಇರುತ್ತದೆ, ದಾರಿ ತಪ್ಪುವುದು ಹೇಗೆ ಅಂತ ಅನಿಸಬಹುದು. ತಪ್ಪಿದವರೆಲ್ಲ ಹಾಗೇ ಅಂದುಕೊಂಡಿದ್ದರು. ಹವಾಯಿಯ ಬೆಟ್ಟಗಳಲ್ಲಿ ಊಲುಹೆ ಅನ್ನೋ ಜರಿಗಿಡ ಎದೆಯುದ್ದಕ್ಕೂ ಹಬ್ಬಿ ನೆಲವನ್ನೇ ಮುಚ್ಚಿರುತ್ತದೆ. ಗಟ್ಟಿ ನೆಲ ಅಂತ ಕಾಲಿಟ್ಟರೆ ಕೆಳಗೆ ಕಮರಿ ಇರಬಹುದು. ‘ಆ ಕಡಲು ಕಾಣುತ್ತಿದೆಯಲ್ಲ, ನೇರ ಇಳಿದುಬಿಡೋಣ’ ಅನ್ನೋ ಯೋಚನೆ ಬಂದ ಕೂಡಲೇ ಕೂತು ನೀರು ಕುಡಿಯಿರಿ. ಹೊಳೆ ಹಿಡಿದು ಕೆಳಗಿಳಿದರೆ ಎತ್ತರದ ದ್ವೀಪಗಳಲ್ಲಿ ಸಾಮಾನ್ಯವಾಗಿ ಸಿಗುವುದು ಜಲಪಾತದ ತಲೆ. ಬಂದ ದಾರಿಯಲ್ಲೇ ವಾಪಸ್ ಬನ್ನಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಒಬ್ಬರಿಗೆ ಹೇಳಿಯೇ ಹೊರಡಿ.

ಜಲಪಾತದ ಕೆಳಗೆ ಸ್ನಾನ?

ಆಸೆ ಸಹಜ. ಆದರೆ ಮೂರು ವಿಷಯ ಗೊತ್ತಿರಲಿ. ಮೇಲಿನಿಂದ ಕಲ್ಲು ಬೀಳುತ್ತದೆ, ಅದೂ ಮಳೆಯಾದ ಮರುದಿನ ಜಾಸ್ತಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಬೆಟ್ಟದ ತುದಿಯಲ್ಲಿ ಮಳೆ ಬಿದ್ದು ಹೊಳೆ ನಿಮಿಷಗಳಲ್ಲಿ ಏರಬಹುದು: ನೀರು ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ, ಸದ್ದು ಬದಲಾದರೆ ಬಟ್ಟೆ ಚೀಲ ಬಿಟ್ಟಾದರೂ ದಡ ಹತ್ತಿ. ಇನ್ನೊಂದು ಇಲಿಜ್ವರ. ಇಲಿ, ಹಂದಿಗಳ ಮೂತ್ರದಿಂದ ಹೊಳೆ ನೀರಿಗೆ ಸೇರುವ ರೋಗಾಣು ಗಾಯದ ಮೂಲಕ, ಕಣ್ಣಿನ ಮೂಲಕ ಒಳಹೊಗುತ್ತದೆ. ಕಾಲಿನಲ್ಲಿ ತರಚು ಗಾಯ ಇದ್ದರೆ ನಿಂತ ನೀರಿಗೆ ಇಳಿಯಬೇಡಿ, ನೀರನ್ನು ಕುದಿಸದೆ ಕುಡಿಯಬೇಡಿ.

ದಡದ ಮರದ ನೆರಳಿನಲ್ಲಿ ಮಲಗಬಹುದಾ?

ತೆಂಗಿನಮರ ಬೇಡ, ಕಾರಣ ಹೇಳಬೇಕಿಲ್ಲ. ಕೆರಿಬಿಯನ್ ದಡಗಳಲ್ಲಿ ಮ್ಯಾಂಚಿನೀಲ್ ಅನ್ನೋ ಮರ ಇದೆ. ಹಸಿರು ಸೇಬಿನಂಥ ಚಿಕ್ಕ ಹಣ್ಣು, ತಿಂದರೆ ಬಾಯಿ ಗಂಟಲು ಸುಟ್ಟು ಊದಿಕೊಳ್ಳುತ್ತದೆ. ಅದರ ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಎಲೆಯಿಂದ ತೊಟ್ಟಿಕ್ಕುವ ನೀರೇ ಸಾಕು. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಬಳಿಯದೇ ಇರುವ ಮರಗಳೂ ಇವೆ.

ದ್ವೀಪದ ಪ್ರಾಣಿ, ಹಕ್ಕಿಗಳು ಮನುಷ್ಯರಿಗೆ ಹೆದರುವುದೇ ಇಲ್ಲ. ಯಾಕೆ?

ನನಗೆ ಅತಿ ಇಷ್ಟದ ಪ್ರಶ್ನೆ ಇದು.

ಸಾಗರದ ನಡುವಿನ ದ್ವೀಪಕ್ಕೆ ಬೆಕ್ಕು, ನಾಯಿಯಂಥ ಬೇಟೆಗಾರ ಪ್ರಾಣಿಗಳು ತಾವಾಗಿ ಬರಲು ಆಗುವುದಿಲ್ಲ. ಹಾರಿ ಬಂದ ಹಕ್ಕಿ, ತೇಲಿ ಬಂದ ಹಲ್ಲಿ, ಗಾಳಿಗೆ ಬಂದ ಬೀಜ, ಇವಿಷ್ಟೇ ಅಲ್ಲಿ ನೆಲೆಸುತ್ತವೆ. ಬೇಟೆಗಾರರಿಲ್ಲದ ಕಡೆ ಹೆದರುವುದು ದಂಡ. ಹಾರುವುದೂ ದಂಡವೇ: ರೆಕ್ಕೆ ಸಾಕುವುದಕ್ಕೆ ತುಂಬ ಆಹಾರ ಬೇಕು. ಹೀಗೆ ಎಷ್ಟೋ ದ್ವೀಪಗಳಲ್ಲಿ ಹಕ್ಕಿಗಳು ಹಾರುವುದನ್ನೇ ಬಿಟ್ಟವು. ಡಾರ್ವಿನ್ 1835ರಲ್ಲಿ ಗ್ಯಾಲಪಗೋಸ್‌ನಲ್ಲಿದ್ದಾಗ ಕೊಂಬೆಯ ಮೇಲೆ ಕೂತಿದ್ದ ಗಿಡುಗವನ್ನು ಕೋವಿಯ ತುದಿಯಿಂದ ತಳ್ಳಿದ್ದಾಗಿ ಬರೆದಿದ್ದಾರೆ. ಅಷ್ಟು ಸಾಧು.

ಆ ಸಾಧುತನವೇ ಮುಳುವಾಯಿತು. ಮಾರಿಷಸ್‌ನ ಡೋಡೊ 17ನೇ ಶತಮಾನ ಮುಗಿಯುವುದರೊಳಗೆ ಇಲ್ಲವಾಯಿತು. ಮನುಷ್ಯರು ಕೊಂದದ್ದಕ್ಕಿಂತ ಅವರ ಜೊತೆ ಬಂದ ಇಲಿ, ಹಂದಿ, ಕೋತಿಗಳು ಮೊಟ್ಟೆ ತಿಂದದ್ದೇ ಹೆಚ್ಚು ಕೇಡು ಮಾಡಿತು ಅನ್ನುತ್ತಾರೆ. ಪಶ್ಚಿಮ ಪೆಸಿಫಿಕ್‌ನ ಗುವಾಮ್ ದ್ವೀಪದ ಕಥೆ ಇನ್ನೂ ಹೊಸದು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಸರಕಿನ ಜೊತೆ ಕಂದು ಮರಹಾವು ಅಲ್ಲಿಗೆ ಬಂತು. ದ್ವೀಪದ 12 ಬಗೆಯ ಕಾಡುಹಕ್ಕಿಗಳಲ್ಲಿ 10 ಬಗೆಯವು ಅಲ್ಲಿನ ಕಾಡಿನಿಂದ ಮಾಯವಾದವು. ಹುಳ ತಿನ್ನುವ ಹಕ್ಕಿ ಹೋದ ಮೇಲೆ ಜೇಡಗಳು ಹೆಚ್ಚಿದವು. ಹಣ್ಣು ತಿಂದು ಬೀಜ ಚೆಲ್ಲುವ ಹಕ್ಕಿ ಹೋದ ಮೇಲೆ ಮರಗಳು ಹೊಸ ಜಾಗದಲ್ಲಿ ಹುಟ್ಟುವುದು ಕಷ್ಟವಾಯಿತು.

ಎಲ್ಲ ಮುಗಿದಿಲ್ಲ. ಮಾರಿಷಸ್ ಕೆಸ್ಟ್ರೆಲ್ ಅನ್ನೋ ಪುಟ್ಟ ಗಿಡುಗ 1974ರಲ್ಲಿ ಕಾಡಿನಲ್ಲಿ ನಾಲ್ಕೇ ನಾಲ್ಕು ಉಳಿದಿತ್ತು. ಮೊಟ್ಟೆಗಳನ್ನು ಜೋಪಾನ ಮಾಡಿ, ಮರಿ ಸಾಕಿ ಬಿಟ್ಟು, ಈಗ ಅವು ನೂರಾರು ಇವೆ.

ಇದರಲ್ಲಿ ಪ್ರವಾಸಿ ಮಾಡುವುದೇನಿದೆ?

ಶೂ ತೊಳೆಯುವುದು. ತಮಾಷೆಯಲ್ಲ. ಹವಾಯಿಯಲ್ಲಿ ಓಹಿಯಾ ಮರಗಳನ್ನು ಒಂದು ಶಿಲೀಂಧ್ರ ಕೊಲ್ಲುತ್ತಿದೆ, ಅದು ಶೂಗೆ ಅಂಟಿದ ಮಣ್ಣಿನ ಮೂಲಕವೂ ಹರಡುತ್ತದೆ. ಕಾಡಿನ ದಾರಿಯ ಬಾಯಲ್ಲಿ ಬ್ರಷ್ ಮತ್ತು ಸಿಂಪಡಿಸುವ ಮದ್ದು ಇಟ್ಟಿರುತ್ತಾರೆ. ಮಣ್ಣು ಉಜ್ಜಿ ತೆಗೆದು 70% ಆಲ್ಕೋಹಾಲ್ ಸಿಂಪಡಿಸಿದರೆ ಆಯಿತು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗ ಚೀಲದ ಜೇಬು, ಸಾಕ್ಸ್, ವೆಲ್ಕ್ರೋ ಪಟ್ಟಿಯಲ್ಲಿ ಸಿಕ್ಕಿಕೊಂಡ ಬೀಜ ತೆಗೆಯಿರಿ. ಗ್ಯಾಲಪಗೋಸ್‌ನಲ್ಲಿ ಇದಕ್ಕಾಗಿಯೇ ಚೀಲ ತಪಾಸಣೆ ಇದೆ. ಅಲ್ಲಿ ಪ್ರಾಣಿಗಳಿಂದ ಎರಡು ಮೀಟರ್ ದೂರ ನಿಲ್ಲಬೇಕು, ಫ್ಲ್ಯಾಶ್ ಹಾಕುವಂತಿಲ್ಲ. ಸೀಲ್ ಮರಿ ತಾನಾಗಿ ನಿಮ್ಮ ಕಡೆ ಬಂದರೆ ಹಿಂದೆ ಸರಿಯಬೇಕಾದವರು ನೀವೇ. ತಿನ್ನಲು ಕೊಡುವುದಂತೂ ಎಲ್ಲೂ ಬೇಡ.

ಕಡಲಾಮೆ ಮೊಟ್ಟೆ ಇಡುವುದನ್ನು ನೋಡಬಹುದಾ?

ಅನುಮತಿ ಇರುವ ಗೈಡ್ ಜೊತೆ, ರಾತ್ರಿ, ಬಿಳಿ ಬೆಳಕಿಲ್ಲದೆ. ಆಮೆ ನೀರಿನಿಂದ ಮೇಲೆ ಬರುವಾಗ ತುಂಬ ಸೂಕ್ಷ್ಮ. ಬೆಳಕು, ಓಡಾಟ ಕಂಡರೆ ಮೊಟ್ಟೆ ಇಡದೆ ವಾಪಸ್ ಹೋಗಿಬಿಡುತ್ತದೆ. ಗುಂಡಿ ತೋಡಿ ಇಡಲು ಶುರು ಮಾಡಿದ ಮೇಲೆಯೇ ಹತ್ತಿರ ಹೋಗಲು ಬಿಡುತ್ತಾರೆ, ಅದೂ ಹಿಂಬದಿಯಿಂದ. ಒಂದು ಗೂಡಿನಲ್ಲಿ ಸುಮಾರು ನೂರು ಮೊಟ್ಟೆ, ಮರಿಯಾಗಲು ಹೆಚ್ಚುಕಡಿಮೆ ಎರಡು ತಿಂಗಳು. ಮರಳು ಬಿಸಿ ಇದ್ದಷ್ಟೂ ಹೆಣ್ಣುಮರಿಗಳು ಜಾಸ್ತಿ. ಹುಟ್ಟಿದ ಮರಿ ಬೆಳಕಿರುವ ದಿಕ್ಕಿಗೆ ಓಡುತ್ತದೆ. ಕತ್ತಲೆಯ ದಡದಲ್ಲಿ ಆ ಬೆಳಕು ಕಡಲಿನದು, ಹೋಟೆಲ್ ಪಕ್ಕದಲ್ಲಿ ರಸ್ತೆ ದೀಪದ್ದು. ದಡದ ಕಡೆಗಿರುವ ನಿಮ್ಮ ಕೋಣೆಯ ಪರದೆ ಎಳೆದರೆ ಅದೇ ದೊಡ್ಡ ಉಪಕಾರ.

ಕೆಂಪು ಏಡಿಗಳ ವಲಸೆ ಎಲ್ಲಿ, ಯಾವಾಗ?

ಹಿಂದೂ ಮಹಾಸಾಗರದ ಕ್ರಿಸ್ಮಸ್ ದ್ವೀಪದಲ್ಲಿ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮೊದಲ ಮಳೆ ಬಿದ್ದ ಮೇಲೆ ಕೋಟಿಗಟ್ಟಲೆ ಏಡಿಗಳು ಕಾಡು ಬಿಟ್ಟು ಕಡಲಿಗೆ ಇಳಿಯುತ್ತವೆ. ಮೊಟ್ಟೆ ಬಿಡುವ ಹೊತ್ತು ಲೆಕ್ಕ ಹಾಕಿದ್ದು: ಕೃಷ್ಣಪಕ್ಷದ ಅರ್ಧಚಂದ್ರನ ದಿನಗಳಲ್ಲಿ, ಬೆಳಗಾಗುವ ಮುಂಚೆ, ಭರತ ಇಳಿಯತೊಡಗಿದಾಗ. ಮಳೆ ತಡವಾದರೆ ಮುಂದಿನ ತಿಂಗಳಿಗೆ ಹೋಗುತ್ತದೆ. ರಸ್ತೆ ಮುಚ್ಚುತ್ತಾರೆ, ಏಡಿಗಳಿಗೆ ಅಂತಲೇ ಸೇತುವೆ ಕಟ್ಟಿದ್ದಾರೆ. ಟಿಕೆಟ್ ಮುಂಚೆಯೇ ತೆಗೆದರೆ ಏಡಿ ಸಿಗುವುದು ಅದೃಷ್ಟ.

ರಾತ್ರಿ ಹೊಳೆಯುವ ನೀರು ನಿಜವಾ?

ನಿಜ. ನೀರು ಅಲುಗಿದಾಗ ಬೆಳಕು ಚೆಲ್ಲುವ ಸೂಕ್ಷ್ಮಜೀವಿಗಳು. ಪೋರ್ಟೊ ರಿಕೊದ ವಿಯೆಕೆಸ್ ದ್ವೀಪದ ಮಸ್ಕೀಟೊ ಕೊಲ್ಲಿ ಇದಕ್ಕೆ ಹೆಸರುವಾಸಿ. ಅಲ್ಲಿ ಕಯಾಕ್‌ನಲ್ಲಿ ಹೋಗಬೇಕು, ಈಜುವಂತಿಲ್ಲ. ಅಮಾವಾಸ್ಯೆಯ ಆಸುಪಾಸು ಹೋಗಿ. ಫೋಟೊಗಳಲ್ಲಿ ಕಾಣುವಷ್ಟು ನೀಲಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಹುಟ್ಟು ಹಾಕಿದಾಗ ಏಳುವ ಆ ಬೆಳಕನ್ನು ಫೋಟೊ ಹಿಡಿಯುವುದೂ ಇಲ್ಲ.

ಭೂಕಂಪ, ಸುನಾಮಿ, ಜ್ವಾಲಾಮುಖಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾ?

ಗೊತ್ತಿದ್ದರೆ ಸಾಕು, ಭಯ ಬೇಡ. ಸುಮಾತ್ರಾ ಪಕ್ಕದ ಸಿಮೆಲುವೆ ದ್ವೀಪದವರು 1907ರ ಸುನಾಮಿಯನ್ನು ಹಾಡು, ಕಥೆಗಳಲ್ಲಿ ಉಳಿಸಿಕೊಂಡು ಬಂದಿದ್ದರು. ನೆಲ ಜೋರಾಗಿ ನಡುಗಿದರೆ, ಕಡಲು ಹಿಂದೆ ಸರಿದರೆ ಬೆಟ್ಟಕ್ಕೆ ಓಡು, ಇಷ್ಟೇ ಪಾಠ. 2004ರ ಡಿಸೆಂಬರ್ 26ರಂದು ಕಂಪನದ ಮೂಲಕ್ಕೆ ತೀರ ಹತ್ತಿರ ಇದ್ದ ಆ ದ್ವೀಪದ ಸುಮಾರು 78,000 ಜನರಲ್ಲಿ ಸತ್ತವರು ಏಳು ಮಂದಿ. ಸೈರನ್ ಇರಲಿಲ್ಲ, ಫೋನ್ ಇರಲಿಲ್ಲ. ಕಡಲು ಬರಿದಾದಾಗ ಮೀನು ಹೆಕ್ಕಲು ಹೋಗಬೇಡಿ. ಮೊದಲ ಅಲೆ ಮುಗಿಯಿತು ಅಂತ ಕೆಳಗಿಳಿಯಲೂ ಬೇಡಿ, ಮುಂದಿನದು ಅದಕ್ಕಿಂತ ದೊಡ್ಡದಿರಬಹುದು.

ನೆಲ ನಡುಗದೆಯೂ ಬರುವುದುಂಟು. ಇಂಡೊನೇಷ್ಯಾದ ಅನಾಕ್ ಕ್ರಾಕಟಾವ್ ಜ್ವಾಲಾಮುಖಿಯ ಒಂದು ಬದಿ 2018ರ ಡಿಸೆಂಬರ್ 22ರ ರಾತ್ರಿ ಕಡಲಿಗೆ ಕುಸಿದಾಗ ಹಾಗೇ ಆಯಿತು. ಉಗುಳುತ್ತಿರುವ ಜ್ವಾಲಾಮುಖಿಯ ಹತ್ತಿರ ಹೋಗುವವರು ಆ ದಿನದ ಎಚ್ಚರಿಕೆಯ ಮಟ್ಟ ನೋಡಿಯೇ ಹೊರಡಬೇಕು. ಆಸ್ತಮಾ ಇರುವವರಿಗೆ ಗಂಧಕದ ಹೊಗೆ ಬೇಡವೇ ಬೇಡ.

ಗೈಡ್ ಬೇಕಾ? ಎಲ್ಲ ದ್ವೀಪಕ್ಕೂ ಹೋಗಬಹುದಾ?

ಕೆಲವು ಕಡೆ ಗೈಡ್ ಇಲ್ಲದೆ ಬಿಡುವುದೇ ಇಲ್ಲ. ಗ್ಯಾಲಪಗೋಸ್‌ನ ಶೇಕಡಾ 97ರಷ್ಟು ನೆಲ ರಾಷ್ಟ್ರೀಯ ಉದ್ಯಾನ. ಇಂಡೊನೇಷ್ಯಾದ ಕೊಮೊಡೊ ದ್ವೀಪದಲ್ಲಿ ಕವೆಗೋಲು ಹಿಡಿದ ರೇಂಜರ್ ಜೊತೆಯಲ್ಲಿರುತ್ತಾರೆ. ಮೂರು ಮೀಟರ್ ಉದ್ದ ಬೆಳೆಯುವ ಹಲ್ಲಿ ಎದುರು ಬಂದಾಗ ಅವರು ಬೇಕೇ ಬೇಕು.

ಹೋಗಲೇಬಾರದ ದ್ವೀಪಗಳೂ ಇವೆ. ಅಂಡಮಾನ್‌ನ ನಾರ್ತ್ ಸೆಂಟಿನೆಲ್ ಸುತ್ತ ಹೋಗುವುದನ್ನು ಭಾರತ ಸರ್ಕಾರ ನಿಷೇಧಿಸಿದೆ. ಅಲ್ಲಿನ ಬುಡಕಟ್ಟಿನವರಿಗೆ ಹೊರಗಿನ ಸಣ್ಣ ನೆಗಡಿಯೂ ಜೀವಕ್ಕೆ ಕುತ್ತಾಗಬಹುದು, ಮತ್ತು ಅವರು ಯಾರನ್ನೂ ಕರೆದಿಲ್ಲ. ಜನ ವಾಸವಿರುವ ಬೇರೆ ದ್ವೀಪಗಳಲ್ಲೂ ದಡ, ಕಾಡು ಯಾವುದಾದರೂ ಹಳ್ಳಿಗೋ ಕುಟುಂಬಕ್ಕೋ ಸೇರಿದ್ದಿರಬಹುದು. ಪೆಸಿಫಿಕ್‌ನ ಎಷ್ಟೋ ಕಡೆ ಹಾಗಿದೆ. ಖಾಲಿ ಕಾಣುತ್ತಿದೆ ಅಂತ ಡೇರೆ ಹಾಕಬೇಡಿ, ಕೇಳಿ.

ಚಿಪ್ಪು, ಹವಳದ ಚೂರು, ಮರಳು ನೆನಪಿಗೆ ತರಬಹುದಾ?

ಬೇಡ. ಹಲವು ದೇಶಗಳಲ್ಲಿ ಕಾನೂನೇ ಒಪ್ಪುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮುಂದಿನ ಮನೆ. ಬಿಳಿ ಮರಳಿನ ಎಷ್ಟೋ ಪಾಲು ಗಿಳಿಮೀನುಗಳು ಹವಳ ಕೆರೆದು ತಿಂದು ಹೊರಹಾಕಿದ್ದು. ಒಂದು ದೊಡ್ಡ ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡುತ್ತದೆ. ಹಾಗೆ ಕೂಡಿದ ದಡ ಅದು.

ಇವತ್ತು ಡೈವಿಂಗ್, ನಾಳೆ ಬೆಳಿಗ್ಗೆ ವಿಮಾನ. ತೊಂದರೆ ಇದೆಯಾ?

ಇದೆ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಗೆ ಹೋಗಬೇಕು. ಅಷ್ಟರಲ್ಲಿ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಮೈಯೊಳಗೆ ಗುಳ್ಳೆಗಳಾಗುತ್ತವೆ. ಒಂದೇ ಡೈವ್ ಆದರೆ ಕಡಿಮೆಯೆಂದರೆ 12 ಗಂಟೆ, ಹಲವು ಡೈವ್ ಮಾಡಿದ್ದರೆ 18 ಗಂಟೆ ಬಿಡಬೇಕು. 24 ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು. ಎತ್ತರದ ದ್ವೀಪಗಳಲ್ಲಿ ಜನ ಮರೆಯುವುದು ಬೆಟ್ಟವನ್ನು. ಮೌನಾ ಕೇಯಾ ತುದಿಗೆ ಕಾರಿನಲ್ಲೇ ಹೋಗಬಹುದು, ಕಡಲಿನಿಂದ ಎರಡೇ ಗಂಟೆಯ ದಾರಿ. ಡೈವಿಂಗ್ ಆದ 24 ಗಂಟೆಯೊಳಗೆ ಅಲ್ಲಿಗೆ ಹತ್ತಬಾರದು. ಉಳಿದವರೂ 2,800 ಮೀಟರ್ ಎತ್ತರದ ಮಾಹಿತಿ ಕೇಂದ್ರದ ಹತ್ತಿರ ಕಡಿಮೆಯೆಂದರೆ ಅರ್ಧ ಗಂಟೆ ನಿಂತು, ಮೈ ಹೊಂದಿಕೊಂಡ ಮೇಲೆ ಮುಂದೆ ಹೋಗಬೇಕು. ಡೈವಿಂಗನ್ನು ಪ್ರವಾಸದ ಮೊದಲ ದಿನಗಳಿಗೆ, ಬೆಟ್ಟವನ್ನು ಕೊನೆಗೆ ಇಟ್ಟುಕೊಂಡರೆ ಈ ಲೆಕ್ಕಾಚಾರದ ತಲೆನೋವು ಇರುವುದಿಲ್ಲ.